ಡಗ್ಗಾ ನುಂಗಿದ ಲ್ಯಾಪ್‌ಟಾಪು

ಬೆಳಗಾವಿಯ ಲ್ಯಾಪ್‌ಟಾಪ್ ಅಂಗಡಿಯವರು ಈ ಜಗತ್ತಿನಲ್ಲಿ ಯಾರಿಗಾದರೂ ಹೆದರುತ್ತಾರೆ ಅಂದರೆ ಅದು ನಮ್ಮ ಮಾಮಾನಿಗೆ! ನಗಬ್ಯಾಡ್ರಿ, ಖರೇನ ಹೇಳ್ತೀನಿ. ಖಡೇಬಜಾರಿನ ಆ ತುದಿಯಲ್ಲಿ ಒಂದು ಬಿಳಿ ಟೊಪ್ಪಿಗೆ, ಬಗಲಲ್ಲಿ ಒಂದು ಕೈಚೀಲ ಕಂಡರೆ ಸಾಕು, ಈ ತುದಿಯ ಅಂಗಡಿಯವರು "ಬಂದ್ರಪಾ ಡಗ್ಗಾ ಅಜ್ಜಾರು" ಅನ್ನುತ್ತ ಗಾಜಿನ ಮೇಜಿನ ಮೇಲಿದ್ದ ತೆಳ್ಳನೆಯ ಮಾಲನ್ನೆಲ್ಲ ಒಳಗೆ ಸರಿಸಿಬಿಡುತ್ತಿದ್ದರು. ಹಾಗಂತ ನಮ್ಮ ಮಾಮಾ ಕಳ್ಳನೂ ಅಲ್ಲ, ಜಗಳಗಂಟನೂ ಅಲ್ಲ. ಅವನದು ಒಂದೇ ಖೋಡಿ. ಯಾವ ವಸ್ತು ಕಂಡರೂ ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹಚ್ಚಿ ಕೇಳಬೇಕು.

ಮಾಮಾ ಅಂದರೆ ನಮ್ಮ ಅವ್ವನ ತಮ್ಮ. ಖಾನಾಪುರದವನು. ಆಯುಷ್ಯವೆಲ್ಲ ಹಂಚಿನ ಕಾರ್ಖಾನೆಯಲ್ಲಿ ದುಡಿದವನು. ಭಟ್ಟಿಯಿಂದ ಸುಟ್ಟು ಹೊರಬಂದ ಹಂಚನ್ನು ಗೆಣ್ಣಿನಿಂದ ಬಡಿದು ನೋಡುವುದು ಅವನ ಕೆಲಸ. ಟಣ್ ಅಂದರೆ ಹಂಚು ಪಾಸು, ಟಪ್ ಅಂದರೆ ಒಳಗೆಲ್ಲೋ ಸೀಳು ಬಿಟ್ಟಿದೆ ಅಂತ ಅರ್ಥ. ಕಾರ್ಖಾನೆಯವರು ಮಾಮಾನಿಗೆ ಹಾರ ಹಾಕಿ ನಿವೃತ್ತಿ ಮಾಡಿ ಕಳಿಸಿದರು. ಆದರೆ ಅವನ ಗೆಣ್ಣಿಗೆ ಯಾರೂ ನಿವೃತ್ತಿ ಕೊಡಲಿಲ್ಲ!

ತೆಂಗಿನಕಾಯಿ ಬಡಿದ, ಕುಂಬಳಕಾಯಿ ಬಡಿದ, ಆಯ್ತಪ್ಪ ಅಂದುಕೊಂಡೆವು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗ ಪ್ರೀತಿಯಿಂದ ಅಪ್ಪಿಕೊಂಡವನ ಹಾಗೆ ಮಾಡಿ ವರನ ಬೆನ್ನಿಗೂ ಒಂದು ಗೆಣ್ಣು ಕೊಟ್ಟುಬಿಟ್ಟ. ಆಮೇಲೆ ಅಡುಗೆಮನೆಗೆ ಬಂದು ಅವ್ವನ ಕಿವಿಯಲ್ಲಿ, "ಹೂಂ ಅನ್ನಕ್ಕಾ, ಹುಡುಗ ಟಣ್ ಅಂದಾನ" ಅಂದ. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಹೇಳುತ್ತೇನೆ, ಮಾಮಾನ ಕಿವಿಯನ್ನು ಎಲ್ಲ ವಿಷಯದಲ್ಲೂ ನಂಬಬಾರದು! ಒಮ್ಮೆ ಕೆಮ್ಮು ಅಂತ ದವಾಖಾನೆಗೆ ಹೋದರೆ ಡಾಕ್ಟರು ಇವನ ಬೆನ್ನಿನ ಮೇಲೆ ಬೆರಳಿಟ್ಟು ಬಡಿದು ನೋಡಿದರಂತೆ. ಇವನಿಗೋ ತನ್ನ ಜಾತಿಯವನೇ ಸಿಕ್ಕಷ್ಟು ಖುಷಿ. "ಟಣ್ ಅಂತೋ, ಟಪ್ ಅಂತೋ? ಬಾಯಿ ಬಿಟ್ಟು ಹೇಳ್ರಿ ಸಾಹೇಬ್ರ, ಹೆದರಬ್ಯಾಡ್ರಿ!" ಎಂದು ಅವರಿಗೇ ಧೈರ್ಯ ತುಂಬಿ ಬಂದ.

ಇಂಥವನು ಭಜನೆಯಲ್ಲಿ ತಬಲಾ ಬಾರಿಸುತ್ತಿದ್ದ ಅಂದರೆ ನಿಮಗೆ ಆಶ್ಚರ್ಯ ಆಗಲಿಕ್ಕಿಲ್ಲ. ಆದರೆ ಪೂರ್ತಿ ಅಲ್ಲ, ಅರ್ಧ ಮಾತ್ರ!

ಅದು ಹೆಂಗಂತ ಕೇಳ್ರಿ. ತಬಲಾ ಅಂದರೆ ಒಂದು ಜೋಡಿ. ಬಲಗೈಗೆ ಸಣ್ಣ ತಬಲಾ, ಅದು ಠಣ್ ಠಣ್ ಅನ್ನುತ್ತದೆ. ಎಡಗೈಗೆ ದಪ್ಪ ಹೊಟ್ಟೆಯ ಡಗ್ಗಾ, ಅದು ಘುಂ ಘುಂ ಅನ್ನುತ್ತದೆ. ಲೋಕದಲ್ಲಿ ಒಬ್ಬ ಮನುಷ್ಯ ಎರಡು ಕೈಯಿಂದ ಎರಡನ್ನೂ ಬಾರಿಸುತ್ತಾನೆ. ಖಾನಾಪುರದಲ್ಲಿ ಹಾಗಲ್ಲ. ಭಜನೆ ಕಲಿಸುವ ಮಾಸ್ತರರ ಹತ್ತಿರ ಇದ್ದದ್ದು ಒಂದೇ ಜೋಡಿ, ಕಲಿಯಲು ಬಂದ ಪೋರರು ಇಬ್ಬರು. ಇಬ್ಬರೂ ನಾನು ಮೊದಲು, ನಾನು ಮೊದಲು ಅಂತ ಕಿತ್ತಾಡಿದಾಗ ಮಾಸ್ತರರು ಬೇಸತ್ತು, "ಒಬ್ಬಂವ ಬಲಕ್ಕ ಕುಂದರು, ಒಬ್ಬಂವ ಎಡಕ್ಕ ಕುಂದರು, ನನ್ನ ತಲಿ ತಿನಬ್ಯಾಡ್ರಿ" ಅಂದರು. ಅವತ್ತಿನ ಮಟ್ಟಿಗೆ ಮಾಡಿದ ವ್ಯವಸ್ಥೆ ಅದು. ಮರುದಿನ ಬದಲಾಯಿಸಬೇಕು ಅಂತ ಮಾಸ್ತರರಿಗೆ ನೆನಪಾಗಲಿಲ್ಲ, ಹುಡುಗರಿಗೂ ಬೇಕಾಗಿರಲಿಲ್ಲ. ಇಬ್ಬರಿಗೂ ಮೀಸೆ ಬಂತು, ಮದುವೆ ಆಯ್ತು, ಮೊಮ್ಮಕ್ಕಳಾದವು. ಮಾಮಾ ಬಲಗೈ ಆಗಿಯೇ ಉಳಿದ, ಅವನ ಗೆಳೆಯ ಎಡಗೈ ಆಗಿಯೇ ಉಳಿದ.

ಆ ಎಡಗೈಯೇ ನಮ್ಮ ಡಗ್ಗಾ ಚಾಚಾ. ಹುಡುಗರೆಲ್ಲ ಹಾಗೇ ಕರೆಯುತ್ತಿದ್ದೆವು. ಮೂಲ ಪಾರಿಶ್ವಾಡದ ಕಡೆಯವರು. ಖಾನಾಪುರ ಪೇಟೆಯಲ್ಲಿ ಹೊಲಿಗೆ ಅಂಗಡಿ. ಮನೆಯಲ್ಲಿ ದಖನಿ, ಗಿರಾಕಿಗಳ ಜೊತೆ ಕನ್ನಡ, ಭಜನೆಯಲ್ಲಿ ಮರಾಠಿ, ಮಾಮಾನ ಜೊತೆ ಮೂರೂ ಕಲಸಿದ ಬೈಗುಳ! ಭಜನೆಗೆ ಇಬ್ಬರೂ ಭುಜಕ್ಕೆ ಭುಜ ಹಚ್ಚಿ ಕೂಡುತ್ತಿದ್ದರು. ಬಲತುದಿಯಲ್ಲಿ ಮಾಮಾನ ಬಲಗೈ ಆಡುತ್ತಿತ್ತು, ಎಡತುದಿಯಲ್ಲಿ ಚಾಚಾನ ಎಡಗೈ. ನಡುವಿನ ಎರಡು ಕೈಗಳಿಗೆ ಕೆಲಸವೇ ಇಲ್ಲ. ಅವು ಭಜನೆ ಮುಗಿಯುವ ತನಕ ಒಂದರ ಅಂಗೈಯಿಂದ ಒಂದು ಅಡಿಕೆ ಚೂರು ಇಸಿದುಕೊಳ್ಳುತ್ತ ಕೂತಿರುತ್ತಿದ್ದವು.

ಒಮ್ಮೆ ಬೆಳಗಾವಿಯಲ್ಲಿ ಭಜನಾ ಸ್ಪರ್ಧೆ. ವೇದಿಕೆ ಏರುವಾಗ ವ್ಯವಸ್ಥಾಪಕರು ತಡೆದರು.

"ತಬಲಾಕ್ಕ ಒಬ್ಬರ ಸಾಕ್ರಿ. ಇನ್ನೊಬ್ಬರು ಕೆಳಗ ಕುಂದರ್ರಿ."

"ನಾವು ಒಬ್ಬರ ರೀ," ಅಂದರು ಚಾಚಾ. "ಊಟಕ್ಕ ಮಾತ್ರ ಇಬ್ಬರು!"

ಇಂಥ ಜೋಡಿ ಒಡೆಯಿತು. ಹೊಲಕ್ಕಲ್ಲ, ಮನೆಗಲ್ಲ, ರಾಜಕೀಯಕ್ಕಲ್ಲ. ಹೇಳಿದರೆ ನೀವು ನಗುತ್ತೀರಿ, ನಾವೂ ಆಗ ಹೊಟ್ಟೆ ಹಿಡಿದು ನಕ್ಕೆವು. 

ಬೆಳಗಾವಿಯಲ್ಲಿ ನಮ್ಮ ಮನೆಯ ವಾಸ್ತುಶಾಂತಿಗೆ ಅಂತ ಮಾಮಾ ಬಂದು ಕೆಲವು ದಿನ ಉಳಿದ. ಆ ವಾರ ಖಾನಾಪುರದ ಭಜನೆ ನಿಂತಿತು. ಬಲಗೈ ಊರಲ್ಲಿಲ್ಲವಲ್ಲ! ಮಾಮಾ ವಾಪಸ್ ಹೋಗಿ ಚಾಚಾನ ಅಂಗಡಿ ಹಾದುಹೋಗುವಾಗ ಒಳಗಿನಿಂದ ತಬಲಾ ಸಪ್ಪಳ ಕೇಳಿಸಿದೆ. ಬರೀ ಡಗ್ಗಾ ಅಲ್ಲ, ಪೂರ್ತಿ ಜೋಡಿ! ಇಣುಕಿ ನೋಡಿದರೆ ಹೊಲಿಗೆ ಯಂತ್ರದ ಹಿಂದೆ ಚಾಚಾ ಒಬ್ಬರೇ ಕೂತು ಎರಡೂ ಕೈಯಿಂದ ಬಾರಿಸುತ್ತಿದ್ದಾರೆ.

"ಏನ ನಡಸೀದಿ ಇದು?" ಮಾಮಾ ಬಾಗಿಲಲ್ಲೇ ನಿಂತು ಗುಡುಗಿದ.

"ಅರೆ ಯಾರ್, ನೀ ಊರಿಗೆ ಹೋದಾಗ ಭಜನಿ ನಿಲ್ಲಬಾರದಲ್ಲ. ಅದಕ್ಕ ಒಂದೀಟು ಕಲಿಯಾಕತ್ತೇನಿ."

"ಅಂದ್ರ ನಾ ಇಲ್ದಿದ್ರೂ ನಡೀತೈತಿ ಅನ್ನು ಹಂಗಾರ!"

"ನಡಿಯೂದಿಲ್ಲೋ ಮಾರಾಯಾ, ಕುಂಟತೈತಿ. ಕೇಳ್ಲಿಲ್ಲೇನ ನೀನ?" ಎಂದು ಚಾಚಾ ನಕ್ಕುಬಿಟ್ಟರು. ಆ ನಗುವೇ ಬೆಂಕಿಗೆ ಎಣ್ಣೆ ಹಾಕಿತು. ಮಾಮಾ ಒಳಗೆ ನುಗ್ಗಿ, ಬಲಗೈ ತಬಲಾ ಎತ್ತಿ, ಹೆಗಲ ಮೇಲಿದ್ದ ಟವೆಲ್ಲಿನಲ್ಲಿ ಸುತ್ತಿ, ಬಜಾರಿನ ನಟ್ಟನಡುವೆ ಮನೆಗೆ ನಡೆದ. ಡಗ್ಗಾ ಅಂಗಡಿಯಲ್ಲೇ ಉಳಿಯಿತು. ಹೊಲ ಹಂಚಿಕೊಂಡವರನ್ನು ನೋಡಿದ್ದ ಖಾನಾಪುರ ತಬಲಾ ಹಂಚಿಕೊಂಡವರನ್ನು ಅವತ್ತೇ ಮೊದಲು ನೋಡಿದ್ದು.

ನಾಲ್ಕು ದಿನದ ಸಿಟ್ಟು ಅಂದುಕೊಂಡೆವು. ಎಲ್ಲಿಯ ನಾಲ್ಕು ದಿನ? ಚಾಚಾನ ಅಂಗಡಿ ಬಂದ ಕೂಡಲೇ ಮಾಮಾ ರಸ್ತೆಯ ಆ ಬಾಜು ದಾಟಿ ನಡೆಯತೊಡಗಿದ. ಒಂದು ದಿನ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಚಾಚಾ ತಾವೇ ಮನೆಗೆ ಬಂದರು. ಅವರ ದನಿ ಕೇಳುತ್ತಲೇ ಮಾಮಾ ಒಳಕೋಣೆಗೆ ಹೋಗಿ, ಬಾಗಿಲು ಮುಚ್ಚಿ, ಮುಸುಕು ಹಾಕಿಕೊಂಡು ಮಲಗಿಬಿಟ್ಟ.

"ಮಲಗ್ಯಾರ್ರಿ," ಅಂದಳು ಮಾಮಿ, ನೆಲ ನೋಡುತ್ತ.

"ಮಲಗಲಿ ಬಿಡ್ರಿ," ಅಂದರು ಚಾಚಾ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ. "ಎದ್ದ ಮ್ಯಾಲ ಹೇಳ್ರಿ, ಏಕಾದಶಿಗೆ ದೇಸೂರದವರು ಭಜನಿಗೆ ಕರದಾರ ಅಂತ." ಮಾಮಿ ಕೊಟ್ಟ ಚಹಾವನ್ನು ಬಸಿಯಲ್ಲಿ ಸುರಿದು, ಸೊರ್ ಸೊರ್ ಅಂತ ಕುಡಿದು, ಸ್ವಲ್ಪ ಹೊತ್ತು ಆ ಮುಚ್ಚಿದ ಬಾಗಿಲನ್ನೇ ನೋಡುತ್ತ ಕೂತು ಎದ್ದು ಹೋದರಂತೆ.

ಏಕಾದಶಿಗೆ ಮಾಮಾ ದೇಸೂರಿಗೆ ಹೋಗಲಿಲ್ಲ. ಮರುದಿನ ಯಾರೋ ಪುಣ್ಯಾತ್ಮ ಬಾಗಿಲಿಗೆ ಬಂದು, "ಭಜನಿ ಭಾಳ ಚಂದ ಆತ್ರಿ ಕಾಕಾ, ನೀವು ಬರಬೇಕಿತ್ತು!" ಎಂದು ಹೇಳಿ ಹೋದ. ಅವತ್ತು ಮಾಮಾ ಊಟ ಬಿಟ್ಟ. ಭಾಳ ಚಂದ ಆತಂದ್ರ ಹೆಂಗ? ಬಲಗೈ ತಬಲಾ ತನ್ನ ಮನೆಯ ಕಪಾಟಿನ ಮೇಲೆ ಟವೆಲ್ಲಿನೊಳಗೆ ಕೂತಿದೆ. ಹಾಗಾದರೆ ದೇಸೂರದಲ್ಲಿ ಬಲಗಡೆ ಬಾರಿಸಿದವರು ಯಾರು? ಚಾಚಾ ಹೊಸ ತಬಲಾ ತಂದು ಎರಡೂ ಕೈಯಿಂದ ಬಾರಿಸಿದರೋ? ಇಲ್ಲ, ತನ್ನ ಜಾಗಕ್ಕೆ ಇನ್ನೊಬ್ಬನನ್ನು ಕೂರಿಸಿಕೊಂಡರೋ? ಭಜನೆಯಲ್ಲಿ ಇದ್ದವರನ್ನು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೇಳಿದರೆ ಮರ್ಯಾದಿ ಹೋಗುತ್ತದಲ್ಲ! ಇವರ ಮರ್ಯಾದಿಗಿಷ್ಟು ಬೆಂಕಿ ಹಾಕ. ಚಾಚಾನನ್ನೇ ಕೇಳಿದರಾಯ್ತು, ಇವತ್ತಲ್ಲ ನಾಳೆ ಅವನೇ ಮತ್ತೊಮ್ಮೆ ಬರುತ್ತಾನೆ ಅಂತ ಮಾಮಾ ಕಾದ.

ಆ ನಾಳೆ ಬರಲಿಲ್ಲ. ಶ್ರಾವಣ ಮುಗಿಯುವ ಮೊದಲೇ ಚಾಚಾ ಹೋಗಿಬಿಟ್ಟರು. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಎದೆ ಹಿಡಿದು ಕುಸಿದರಂತೆ. ಮಾಮಾ ಓಡಿ ಹೋದ. ಮಣ್ಣಿಗೆ ಹೆಗಲು ಕೊಟ್ಟ. ಬಂದವನು ಅಂಗಳದಲ್ಲಿ ಕೂತು, "ಎದಿ ಬಡದು ನೋಡೂದು ನನಗ ಬರತಿತ್ತಲ್ಲ, ನಾ ಬಾಜೂಕ ಇದ್ದಿದ್ರ ಮೊದಲ ತಿಳೀತಿತ್ತಲ್ಲ" ಎಂದು ಹುಚ್ಚನ ಹಾಗೆ ಅದೊಂದನ್ನೇ ಹೇಳುತ್ತಿದ್ದ. ನಾವು ಯಾರೂ ನಗಲಿಲ್ಲ.

ಕೆಲವು ದಿನಗಳ ನಂತರ ಚಾಚಾನ ಮಗಳು ಒಂದು ಪೆನ್‌ಡ್ರೈವ್ ತಂದು ಮಾಮಾನ ಕೈಗಿಟ್ಟಳು. "ದೇಸೂರ ಭಜನಿದು ರೀ ಕಾಕಾ. ಮೈಕ್‌ಸೆಟ್ಟಿನವರು ರೆಕಾರ್ಡ್ ಮಾಡಿದ್ರಂತ. ಅಬ್ಬಾ ಹೇಳಿ ತರಿಸಿದ್ರು. ನಿಮಗ ಕೇಳಸಬೇಕಂತ ಭಾಳ ಆಸೆ ಇತ್ತು ಅವರಿಗೆ."

ಇಲ್ಲಿಂದ ಲ್ಯಾಪ್‌ಟಾಪಿನ ಪುರಾಣ ಶುರು!

ಮಚ್ಛೆಯ ಒಂದು ಸಣ್ಣ ಕಾರ್ಖಾನೆಯ ಆಫೀಸಿನಲ್ಲಿ ನನ್ನ ನೌಕರಿ. ಅವರು ಕೊಟ್ಟ ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡು ಒಂದು ಭಾನುವಾರ ರೈಲಿನಲ್ಲಿ ಖಾನಾಪುರಕ್ಕೆ ಹೋದೆ. ಮಾಮಾ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ.

"ಇದೇನು, ಮಾಂಡೆ ಇದ್ದಂಗ ಐತಿ?"

ನಮ್ಮ ಬೆಳಗಾವಿಯ ಮಾಂಡೆ ನಿಮಗೆ ಗೊತ್ತಲ್ಲ, ಹೋಳಿಗೆಗಿಂತ ತೆಳ್ಳಗೆ ಬೇಯಿಸಿ ಮಡಿಸಿದ್ದು. "ಈಗ ಎಲ್ಲಾ ಹಿಂಗ ತೆಳ್ಳಗ ಬರ್ತಾವು ಮಾಮಾ, ಹೊರಾಕ ಹಗೂರ" ಅಂದೆ. ಅವನು ಸುಮ್ಮನೆ ಗೆಣ್ಣು ಮಡಿಸಿ ಬಡಿದ. ಟಪ್! ನನ್ನ ಮುಖ ನೋಡಿದ. ಅವನ ಲೆಕ್ಕದಲ್ಲಿ ಯಂತ್ರ ಅಲ್ಲಿಗೇ ಫೇಲು.

ಪೆನ್‌ಡ್ರೈವ್ ಚುಚ್ಚೋಣ ಅಂದರೆ ಆ ಮಾಂಡೆಗೆ ಅದರ ತೂತೇ ಇಲ್ಲ! ಹೆಡ್‌ಫೋನ್ ವೈರಿಗೂ ತೂತಿಲ್ಲ. ಎಲ್ಲದಕ್ಕೂ ಕೂಡಿ ಅಡಾಪ್ಟರ್ ಅನ್ನುವ ಒಂದು ಬಾಲ ಬೇರೆ ಹಚ್ಚಬೇಕು. ಬಾಲ ಹಚ್ಚಿ ಭಜನೆ ಹಚ್ಚಿದೆ. ಹಾಡುವವರ ದನಿ ಬಂತು, ಮೂಗಿನಿಂದ. ಹಾರ್ಮೋನಿಯಂ ಪೇಟಿ ಬಂತು, ಸೊಳ್ಳೆಯ ಹಾಗೆ. ತಾಳ ಮಾತ್ರ ಛಣ್ ಛಣ್ ಅಂತ ಕಿವಿಯಲ್ಲಿ ಸೂಜಿ ಚುಚ್ಚಿತು. ಡಗ್ಗಾ? ಹೆಸರಿಗೂ ಇಲ್ಲ. ಆ ತಾಳದ ಗದ್ದಲದಲ್ಲಿ ಬಲಗೈ ತಬಲಾ ಇದೆಯೋ ಇಲ್ಲವೋ, ಅದೂ ತಿಳಿಯದು.

"ಅವಾ ಎಲ್ಲಿ?" ಅಂದ ಮಾಮಾ.

ಲ್ಯಾಪ್‌ಟಾಪ್ ಕಾಟಿನ ಕೌದಿಯ ಮೇಲಿತ್ತು. ಕೌದಿ ಮೆತ್ತಗಿದ್ದರೆ ಸಪ್ಪಳ ನುಂಗುತ್ತದೆ, ಇದರ ಸ್ಪೀಕರ್ ಅಡಿಯಲ್ಲಿರುತ್ತವೆ ಅಂತ ತಿರುವಿ ತೋರಿಸಿದೆ. ಮಾಮಾ ದಂಗಾದ. "ಹೊಟ್ಟಿ ಕೆಳಗ ಬಾಯಿ! ದೇವರು ಇಂಥಾ ಪ್ರಾಣಿ ಮಾಡಿಲ್ಲ ನೋಡ" ಅಂದ. ಆಮೇಲೆ ಅದನ್ನು ನೆಲದ ಮೇಲಿಟ್ಟೆವು, ರೊಟ್ಟಿ ಬಡಿಯುವ ಹಲಗೆಯ ಮೇಲಿಟ್ಟೆವು. ಹಿತ್ತಾಳೆ ಪರಾತದಲ್ಲಿಟ್ಟಾಗ ಇಡೀ ಭಜನಾ ಮಂಡಳಿಯೇ ಬಾವಿಯಲ್ಲಿ ಬಿದ್ದು ಹಾಡಿದ ಹಾಗೆ ಕೇಳಿಸಿತು. ಕೊನೆಗೆ ಮಾಮಾ ಅದನ್ನು ನೀರಿನ ಹಂಡೆಯೊಳಗೆ ಇಳಿಬಿಡಲು ಹೊರಟ. ಹಂಡೆ ಖಾಲಿ ಇದೆ ಅಂತ ಆಣೆ ಮಾಡಿದ. ನೌಕರಿ ಹೋಗುತ್ತದೆ ಮಾಮಾ ಅಂತ ನಾನು ಕಾಲಿಗೆ ಬಿದ್ದೆ. ಹಂಡೆಯಲ್ಲಿ ನೀರಿತ್ತು!

ಅಲ್ಲಿಂದ ಮುಂದೆ ಪ್ರತಿ ವಾರ ಮಾಮಾನ ಬೆಳಗಾವಿ ಸವಾರಿ. ಕೈಚೀಲದಲ್ಲಿ ಪೆನ್‌ಡ್ರೈವ್, ಪೆನ್‌ಡ್ರೈವಿಗೊಂದು ಕರ್ಚೀಫು. ಅಂಗಡಿಗೆ ಹೋಗುವುದು, ಬಡಿಯುವುದು, ಕಿವಿ ಹಚ್ಚುವುದು. ಒಂದೆರಡು ಸಲ ನಾನೂ ಜೊತೆಗೆ ಹೋಗಿ ನಾಚಿಕೆಯಿಂದ ಚಾರ್ಜರುಗಳನ್ನು ನೋಡುತ್ತ ನಿಂತಿದ್ದೆ.

"ಇದರ ಸೌಂಡ್ ಭಾರಿ ಐತ್ರಿ ಅಜ್ಜಾರ. ಸಿನೆಮಾ ಥೇಟರ ಇದ್ದಂಗ!"

"ಡಗ್ಗಾ ಕೇಳಸ್ತೈತೇನು?"

"ಡಗ್ಗಾ ಅಂದ್ರ... ಬೇಸ್ ಏನ್ರಿ?"

"ನಿಮ್ಮಲ್ಲಿ ಏನರ ಅನ್ರಿ, ನಮ್ಮಲ್ಲಿ ಡಗ್ಗಾ ಅಂತಾರ. ಕೇಳಸು."

ಕೇಳಿಸಲಿಲ್ಲ. ಒಂದರಲ್ಲೂ ಕೇಳಿಸಲಿಲ್ಲ. ಕೊನೆಗೆ ಒಬ್ಬ ಅಂಗಡಿಯವನು ಪಾಪ, ಕುರ್ಚಿ ಹಾಕಿ ಕೂರಿಸಿ ಹೇಳಿದ. "ಅಜ್ಜಾರ, ದಪ್ಪ ದನಿ ಹೊಂಡಬೇಕಂದ್ರ ಒಳಗ ಗಾಳಿ ಆಡಾಕ ಜಾಗಾ ಬೇಕ್ರಿ. ಇವರೆಲ್ಲಾ ತೆಳ್ಳಗ ಮಾಡಾಕ ಹೋಗಿ ಆ ಜಾಗಾನ ತಗದಬಿಟ್ಟಾರ. ಎಲ್ಲಿ ಕುಂದರಬೇಕು ನಿಮ್ಮ ಡಗ್ಗಾ?" ಮಾಮಾ ಪೆನ್‌ಡ್ರೈವನ್ನು ಕರ್ಚೀಫಿನಲ್ಲಿ ಸುತ್ತಿಕೊಂಡ. ಆಮೇಲೆ, "ಜಾಗಾ ತಗದಬಿಟ್ರ ಯಾರರ ಎಲ್ಲಿ ಕುಂದರಬೇಕೋ" ಎಂದು ತನಗೇ ಹೇಳಿಕೊಂಡು ಎದ್ದ. ಆ ಮಾತು ಲ್ಯಾಪ್‌ಟಾಪಿಗೆ ಹೇಳಿದ್ದಲ್ಲ ಅಂತ ನನಗಾಗ ತಿಳಿಯಲಿಲ್ಲ. ರೈಲು ತಪ್ಪುತ್ತದೆ ನಡಿ ಅಂತ ಅವಸರ ಮಾಡಿದೆ.

ನನ್ನ ಗಂಡನಿಗೆ (ಅದೇ, ಟಣ್ ಅಂದವರಿಗೆ!) ಒಂದು ಉಪಾಯ ಹೊಳೆಯಿತು. ಅವರ ಹತ್ತಿರ ಚಹಾ ಡಬ್ಬಿಯಷ್ಟು ದೊಡ್ಡ ಬ್ಲೂಟೂತ್ ಸ್ಪೀಕರ್ ಇತ್ತು. ಹಚ್ಚಿದ ಕೂಡಲೇ ಅದರೊಳಗಿನ ಹೆಂಗಸು 'ಕನೆಕ್ಟೆಡ್' ಅಂದಳು, ಆ ಮಾತಿನ ಹಿಂದೆಯೂ ಘುಂ ಅಂತು. ಪೇಟಿಗೂ ಘುಂ, ತಾಳಕ್ಕೂ ಘುಂ, ಯಾರೋ ಕೆಮ್ಮಿದರೂ ಘುಂ! ಮಾಮಾ ಕೈ ಮುಗಿದ. "ಬಂದ್ ಮಾಡ್ರಿ ಅಳಿಯಂದ್ರ. ಇದು ಇಲ್ಲದ ಡಗ್ಗಾನೂ ಬಾರಸತೈತಿ. ಇದರ ಸಾಕ್ಷಿ ನಡಿಯೂದಿಲ್ಲ."

ಮುಂದಿನ ಭಾನುವಾರ ನಾನೊಬ್ಬಳೇ ಲ್ಯಾಪ್‌ಟಾಪ್ ಹಿಡಿದು ಖಾನಾಪುರಕ್ಕೆ ಹೋದೆ. ಮೈಕ್‌ಸೆಟ್ಟಿನವರ ಕಡೆಯೇ ಹೋಗೋಣ, ಅವರ ದೊಡ್ಡ ಪೆಟ್ಟಿಗೆಯಲ್ಲಿ ಹಚ್ಚೋಣ ಅಂದೆ. ಬೇಡ ಅಂದ, ಊರೆಲ್ಲ ಕೇಳುತ್ತದೆ. ಹಾಗಾದರೆ ನನ್ನ ಹೆಡ್‌ಫೋನ್ ಹಾಕಿಕೋ, ಕಿವಿ ಪೂರ್ತಿ ಮುಚ್ಚುವಂಥದ್ದು, ಅದರಲ್ಲಿ ಡಗ್ಗಾ ಸ್ವಚ್ಛ ಕೇಳಿಸುತ್ತದೆ ಅಂದೆ. ಅದನ್ನು ನೋಡಿದವನೇ ಹೌಹಾರಿದ.

"ಕೂಸಿಗೆ ಕುಲಾಯಿ ಕಟ್ಟಿದಂಗ ಕಟಗೊಂಡ ಕುಂದರ್ಲೇನು ನಾ? ಭಜನಿ ಒಬ್ಬನ ಕೇಳೂದಲ್ಲ ಮಗಳ. ಬಾಜೂಕ ಕುಂತಾಂವಗ ಕೇಳಸದಂಗ ಒಬ್ಬನ ಕಿವ್ಯಾಗ ಹೇಳಿದ್ರ ಅದು ಭಜನಿ ಅಲ್ಲ, ಚಾಡಿ!"

ನನಗೆ ಸಿಟ್ಟು ಬಂತು. ಅಡುಗೆಮನೆಗೆ ಹೋಗಿ ಮಾಮಿಯ ಮುಂದೆ ಕೂಗಾಡಿದೆ. ಲ್ಯಾಪ್‌ಟಾಪ್ ಬೇಡ, ಸ್ಪೀಕರ್ ಬೇಡ, ಮೈಕ್ ಬೇಡ, ಹೆಡ್‌ಫೋನ್ ಬೇಡ. ಏನು ಬೇಕಂತೆ ಇವನಿಗೆ? ಆ ಭಜನೆ ಕೇಳುವ ಮನಸ್ಸಾದರೂ ಇದೆಯೋ ಇಲ್ಲವೋ?

ಮಾಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಇಲ್ಲ," ಅಂದಳು. "ಕೇಳಸವಲ್ದು ಅಂತ ಬೆಳಗಾವಿಗೆ ಹೊಂಟಾರ ಅಂದ್ಕೊಂಡಿ ನೀನ. ಕೇಳಿಸಿಬಿಟ್ರ ಏನ ಮಾಡ್ಲಿ ಅಂತ ಹೆದರ್ಯಾರ ಅವರು. ಬಲಗಡಿ ಇನ್ನೊಬ್ಬಂವ ಕುಂತಿದ್ದಾಂತ ಒಮ್ಮಿ ಗೊತ್ತಾತಂದ್ರ, ಹೋಗಿ ಜಗಳಾಡಾಕ ಆ ಮನಿಶ್ಯಾ ಎಲ್ಲಿ ಅದಾನ ಈಗ?"

ಹೆಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂದಾಗಲೇ ಇಬ್ಬರಿಗೂ ಎಚ್ಚರ.

ಹೊರಗೆ ಬಂದು ಮಾಮಾನ ಬಾಜು ಚಾಪೆಯ ಮೇಲೆ ಕೂತೆ. ಬಾಲಕ್ಕೆ ಪೆನ್‌ಡ್ರೈವ್ ಚುಚ್ಚಿದೆ, ಹೆಡ್‌ಫೋನ್ ವೈರು ಚುಚ್ಚಿದೆ. ಅದರ ಎರಡೂ ಬಟ್ಟಲು ಹೊರಕ್ಕೆ ತಿರುವಿ, "ಒಬ್ಬನ ಕೇಳಬ್ಯಾಡ ಮಾಮಾ. ಒಂದು ಕಿವಿ ನಿಂದು, ಒಂದು ಕಿವಿ ನಂದು" ಅಂದೆ. ಮಾಮಾ ನನ್ನನ್ನೂ ಅದನ್ನೂ ನೋಡಿದ. ಬೇಡ ಅನ್ನಲು ಬಾಯಿ ತೆರೆದ. ಏನು ಅನ್ನಿಸಿತೋ, ತಲೆ ಬಗ್ಗಿಸಿ ನನ್ನ ತಲೆಗೆ ಹಚ್ಚಿದ. ಅವನ ಟೊಪ್ಪಿಗೆ ಜಾರಿ ನನ್ನ ತೊಡೆಯ ಮೇಲೆ ಬಿತ್ತು. ಮಾಮಿ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

ಹಾಡು ಶುರುವಾಯಿತು. ಪೇಟಿ ಬಂತು, ಈ ಸಲ ಪೇಟಿಯ ಹಾಗೆಯೇ ಬಂತು. ತಾಳ ದೂರ ಸರಿಯಿತು. ಅದರ ಕೆಳಗಿನಿಂದ, ನೆಲದೊಳಗಿನಿಂದ ಎದ್ದು ಬಂದ ಹಾಗೆ ಬಂತು ನೋಡ್ರಿ, ಘೆ ಗೆ! ಮಾಮಾ ನನ್ನ ಮಣಿಕಟ್ಟು ಹಿಡಿದ. "ಅವನ," ಅಂದ.

ಡಗ್ಗಾ 'ಘೆ ಗೆ' ಅಂತು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ 'ಕತ್', 'ಘೆ'. ಮತ್ತೆ ಏನೂ ಇಲ್ಲ. ಮತ್ತೆ 'ಘೆ ಗೆ'. ನನಗೆ ತಬಲಾ ತಿಳಿಯುವುದಿಲ್ಲ. ಹೆಡ್‌ಫೋನೂ ಕೆಟ್ಟಿತೇನೋ, ನಡುನಡುವೆ ಕಡಿಯುತ್ತಿದೆಯೇನೋ ಅಂದುಕೊಂಡೆ. "ಬಲಗಡಿ ಯಾರದಾರ ಮಾಮಾ?" ಎಂದು ಮೆಲ್ಲಗೆ ಕೇಳಿದೆ.

ಮಾಮಾ ಇಡೀ ಹಾಡು ಕೇಳಿದ, ಎರಡನೆಯದನ್ನೂ ಕೇಳಿದ. ಅವನ ಹಿಡಿತಕ್ಕೆ ನನ್ನ ಬಳೆ ಕೈಗೆ ಒತ್ತಿ ನೋಯುತ್ತಿತ್ತು.

"ಯಾರೂ ಇಲ್ಲ," ಅಂದ ಕೊನೆಗೆ. "ಎರಡೂ ಕೈಲೆ ಬಾರಿಸಾಕ ಬರತಿತ್ತು ಅವಗ. ಬಾರಿಸಿಲ್ಲ. ತನ್ನದಷ್ಟ ಬಾರಿಸ್ಯಾನ. ನಂದು ಬರೂ ಕಡೆ ಎಲ್ಲಾ..." ನನ್ನ ಮಣಿಕಟ್ಟು ಬಿಟ್ಟ. "ಜಾಗಾ ಬಿಟ್ಟಾನ. ಎಲ್ಲಾ ಕಡೆ ಜಾಗಾ ಬಿಟ್ಟಾನ ಮಗಳ."

ಅಷ್ಟು ಜನರ ಮುಂದೆ, ದೇಸೂರದವರ ಮುಂದೆ, ಚಾಚಾ ಕುಂಟುವ ತಾಳ ಹಿಡಿದು ಭಜನೆ ಮುಗಿಯುವ ತನಕ ಕೂತಿದ್ದರು. ಅದನ್ನು ಕೇಳಿಸಬೇಕು ಅಂತಲೇ ರೆಕಾರ್ಡು ತರಿಸಿ ಇಟ್ಟುಕೊಂಡಿದ್ದರು. ಬಾಗಿಲು ಬಡಿದು ಒಳಗೆ ಬಂದು, ಕೇಳೋ ಮೂರ್ಖಾ ಅಂತ ಕಿವಿ ಹಿಂಡಿದ್ದರೆ ಆಗುತ್ತಿರಲಿಲ್ಲವೇ? ಇವನಾದರೂ ರಸ್ತೆಯ ಈ ಬಾಜು ನಡೆದಿದ್ದರೆ ಆಗುತ್ತಿರಲಿಲ್ಲವೇ? ಯಾರನ್ನು ಬೈಯಬೇಕೋ ತಿಳಿಯದೆ ನಾನು ಲ್ಯಾಪ್‌ಟಾಪನ್ನು ಬೈದುಕೊಂಡೆ.

ಮಾಮಾ ಎದ್ದು ಕಪಾಟಿನ ಮೇಲಿನ ಗಂಟು ಇಳಿಸಿದ. ಟವೆಲ್ ಬಿಚ್ಚಿದ. ತಬಲಾದ ಚರ್ಮ ಸಡಿಲಾಗಿತ್ತು. ಬೆರಳಿಟ್ಟರೆ ಟಪ್ ಅಂತು. ಸುತ್ತಿಗೆ ತಂದು ಸುತ್ತಲೂ ಒಂದೊಂದೇ ಏಟು ಹಾಕುತ್ತ, ಕಿವಿ ಹಚ್ಚುತ್ತ, ಮತ್ತೆ ಏಟು ಹಾಕುತ್ತ ಕೂತ. ಬಹಳ ಹೊತ್ತಿಗೆ ಅದು ಠಣ್ ಅಂತು. "ಮೊದಲಿಂದ ಹಚ್ಚು" ಅಂದ ನನಗೆ. ಕುಲಾಯಿ ಅಂತ ಹೀಯಾಳಿಸಿದ ಆ ಹೆಡ್‌ಫೋನನ್ನು ಈ ಸಲ ತಾನೇ ತೆಗೆದುಕೊಂಡು ಎರಡೂ ಕಿವಿಗೆ ಹಾಕಿಕೊಂಡ.

ನಮಗೆ ಭಜನೆ ಕೇಳಿಸಲಿಲ್ಲ, ಡಗ್ಗಾ ಕೇಳಿಸಲಿಲ್ಲ. ಕೇಳಿಸಿದ್ದು ಮಾಮಾನ ಬಲಗೈ ಮಾತ್ರ. ನಾ, ತಿ, ನಾ. ಆಮೇಲೆ ಖಾಲಿ. ಮತ್ತೆ ನಾ. ಹಾದಿಯಲ್ಲಿ ಹೋಗುವವರು ಕೇಳಿದ್ದರೆ ಮುದುಕನಿಗೆ ತಬಲಾ ಬರುವುದಿಲ್ಲ, ಅರ್ಧ ಬಾರಿಸಿ ಅರ್ಧ ಮರೆಯುತ್ತಾನೆ ಅನ್ನುತ್ತಿದ್ದರು. ಅವನ ಕಿವಿಯೊಳಗೆ ಮಾತ್ರ ಜೋಡಿ ಪೂರ್ತಿ ಇತ್ತು. ಅವನ ಎಡಗೈ ಬಾಜುವಿನಲ್ಲಿ, ಚಾಚಾ ಕೂಡುತ್ತಿದ್ದ ಕಡೆ, ಅಡಿಕೆ ಇಸಿದುಕೊಳ್ಳುವವರ ಹಾಗೆ ಅಂಗೈ ಬಿಚ್ಚಿಕೊಂಡು ಬಿದ್ದಿತ್ತು.

ಭಜನೆ ಮುಗಿಯಿತು. ಮಾಮಾ ಹೆಡ್‌ಫೋನ್ ತೆಗೆದು ಮಡಿಲಲ್ಲಿ ಇಟ್ಟುಕೊಂಡ. ಬಾಗಿಲಲ್ಲಿ ನಿಂತಿದ್ದ ಮಾಮಿಯ ಮುಖ ನೋಡದೆ ಹೇಳಿದ.

"ಆವತ್ತ ಅವಾ ಚಾ ಕುಡದು ಹೋಗೂಮಟಾ ನಾ ಎಚ್ಚರನ ಇದ್ನಿ."

"ಗೊತ್ತೈತಿ," ಅಂದಳು ಮಾಮಿ. "ಅವರಿಗೂ ಗೊತ್ತಿತ್ತು."